ಪುರಿ ಜೊತೆ ಚಿಲಿಕಾ ಒಂದು ದಿನ: ಸಾತಪಡಾಗೆ ಹೋಗೋದಾ, ಮಂಗಳಾಜೋಡಿಗಾ?

ಸುಮ_ಗಿರಿನಗರ

ಎಲ್ರಿಗೂ ನಮಸ್ಕಾರ. ಡಿಸೆಂಬರ್ ಕೊನೇ ವಾರ ಅಮ್ಮನ್ನ ಪುರಿ ಜಗನ್ನಾಥನ ದರ್ಶನಕ್ಕೆ ಕರ್ಕೊಂಡು ಹೋಗ್ತಾ ಇದೀನಿ, ಪ್ರಶಾಂತಿ ಎಕ್ಸ್‌ಪ್ರೆಸ್ ಟಿಕೆಟ್ ಕನ್ಫರ್ಮ್ ಆಯ್ತು. ಪುರಿ, ಕೋನಾರ್ಕ್, ಲಿಂಗರಾಜ ಎಲ್ಲಾ ಆದ್ಮೇಲೂ ಒಂದು ದಿನ ಪೂರ್ತಿ ಖಾಲಿ ಉಳಿಯುತ್ತೆ, ಅದನ್ನ ಚಿಲಿಕಾ ಸರೋವರಕ್ಕೆ ಇಟ್ಕೊಂಡಿದೀನಿ, ಇದೊಂದು ನನ್ನ ಸ್ವಾರ್ಥ ಅಂತಾನೇ ಇಟ್ಕೊಳಿ, ನಂಗೆ ಹಕ್ಕಿ ನೋಡೋ ಹುಚ್ಚು ಎರಡು ವರ್ಷದಿಂದ ಹತ್ತಿದೆ.

ಪುರಿ ಹೋಟೆಲ್‌ನವ್ರು ಸಾತಪಡಾ ಅಂತಾರೆ, ಡಾಲ್ಫಿನ್ ತೋರಿಸ್ತೀವಿ, ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ಸು ಅಂತ. ಆದ್ರೆ ಹಕ್ಕಿ ಗ್ರೂಪಲ್ಲಿ ಎಲ್ರೂ ಮಂಗಳಾಜೋಡಿ ಮಂಗಳಾಜೋಡಿ ಅಂತ ಜಪ ಮಾಡ್ತಾರೆ. ಎರಡೂ ಒಂದೇ ಕೆರೆ ತಾನೇ, ಒಂದೇ ದಿನದಲ್ಲಿ ಎರಡೂ ಮುಗಿಸೋಕಾಗಲ್ವಾ? ಅಮ್ಮಂಗೆ 68, ಮಂಡಿ ನೋವಿದೆ, ಬೋಟ್ ಹತ್ತಿ ಇಳಿಯೋದು ಕಷ್ಟ ಆಗುತ್ತಾ? ಗೈಡ್ ಬೇಕೇ ಬೇಕಾ ಅಥವಾ ಬೋಟ್‌ನವ್ರೇ ತೋರಿಸ್ತಾರಾ? ಇನ್ನೊಂದು, ಅಮ್ಮ ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟಲ್ಲ, ಅಲ್ಲೆಲ್ಲ ಬರೀ ಮೀನೇ ಅಂತ ಕೇಳಿ ಆಗ್ಲೇ ಮುಖ ಸಿಂಡರಿಸ್ಕೊಂಡಿದಾರೆ.

ತಿರುಗುಬಾಣ

ಸುಮಾ ಅವ್ರೇ, ಸಾತಪಡಾ ಬಗ್ಗೆ ನನ್ನ ಅನುಭವ ಹೇಳಿಬಿಡ್ತೀನಿ, ಆಮೇಲೆ ನಿಮ್ಮಿಷ್ಟ.

ಪುರಿಯಿಂದ ಸುಮಾರು 50 ಕಿಲೋಮೀಟರ್. ನಾವು ಹೋಗಿದ್ದು ಭಾನುವಾರ, ಅದೇ ಮೊದಲನೇ ತಪ್ಪು. ಜೆಟ್ಟಿ ಮುಟ್ಟೋಕೆ ಒಂದು ಕಿಲೋಮೀಟರ್ ಮುಂಚೇನೇ ಒಬ್ಬ ಬೈಕಲ್ಲಿ ಬಂದು ಕಾರಿಗೆ ಅಡ್ಡ ನಿಲ್ಸಿ "ಇಲ್ಲೇ ಬೋಟ್" ಅಂದ, ನಮ್ಮ ಡ್ರೈವರ್ರೂ ತಲೆ ಆಡ್ಸಿದ, ನಾವೂ ಹೋದ್ವಿ. ಡಾಲ್ಫಿನ್ ಸಿಕ್ಕಿದ್ದು ನಿಜ, ಇಲ್ಲ ಅನ್ನಲ್ಲ. ಆದ್ರೆ ಒಂದು ಬೆನ್ನು ಕಂಡ ತಕ್ಷಣ ಹತ್ತು ಹನ್ನೆರಡು ಮೋಟಾರ್ ಬೋಟ್ ಗುರ್ ಅಂತ ಅದರ ಮೇಲೆ ಬಿದ್ವು, ಪಾಪ ಅದು ಮುಳುಗ್ತು, ಬೋಟುಗಳು ಸುತ್ತ ಗಿರಕಿ ಹೊಡೀತಾ ನಿಂತ್ವು. ನೋಡೋಕೆ ಬೇಜಾರಾಯ್ತು. ಮತ್ತೆ ಇದು ಟೀವಿಲಿ ಬರೋ ಹಂಗೆ ಮೇಲಕ್ಕೆ ನೆಗೆಯೋ ಡಾಲ್ಫಿನ್ ಅಲ್ಲ, ಇರವಾಡಿ ಜಾತಿ, ಮೊಂಡು ಮೂತಿ, ಬೆನ್ನು ಒಂದು ಸಲ ಹೊರಳಿಸಿ ಒಳಗೆ ಹೋಗಿಬಿಡುತ್ತೆ. ಇಡೀ ಚಿಲಿಕಾದಲ್ಲಿ ಇರೋದೇ 150ರ ಆಸುಪಾಸು.

ಅದಾದ್ಮೇಲೆ ಒಂದು ಮರಳುದಿಬ್ಬಕ್ಕೆ ಇಳಿಸಿದ್ರು. ಅಲ್ಲೊಬ್ಬ ಬುಟ್ಟಿ ತುಂಬ ಚಿಪ್ಪು ಇಟ್ಕೊಂಡು ಕೂತಿದ್ದ, ಒಂದು ಒಡೆದ, ಏನೂ ಇಲ್ಲ, ಇನ್ನೊಂದು ಒಡೆದ, ಏನೂ ಇಲ್ಲ, ಮೂರನೇದ್ರಲ್ಲಿ "ಮುತ್ತು"! ನಮ್ಮ ಭಾವ ಬ್ಯಾಂಕಲ್ಲಿ ಮ್ಯಾನೇಜರ್ ಆಗಿದ್ದೋರು, ದಿನಾ ಸಾಲ ಕೇಳ್ಕೊಂಡು ಬರೋರ ಸುಳ್ಳು ಹಿಡಿಯೋದೇ ಕೆಲ್ಸ, ಅವ್ರೇ 800 ರೂಪಾಯಿ ಕೊಟ್ಟು ತಗೊಂಡ್ರು. ಬೆಂಗಳೂರಿಗೆ ಬಂದು ಅಕ್ಕ ಅದನ್ನ ಸೂಜೀಲಿ ಕೆರೆದ್ರೆ ಪ್ಲಾಸ್ಟಿಕ್. ಈಗ್ಲೂ ಮನೇಲಿ ಯಾರಾದ್ರೂ "ಮುತ್ತಿನಂಥ ಮಾತು" ಅಂದ್ರೆ ಭಾವ ಎದ್ದು ಹೋಗ್ತಾರೆ.

ಹೋಗೋದೇ ಆದ್ರೆ ವಾರದ ದಿನ ಹೋಗಿ, ದಾರೀಲಿ ಯಾರೂ ನಿಲ್ಸಿದ್ರೂ ನಿಲ್ಬೇಡಿ, ಸೀದಾ ಜೆಟ್ಟಿ ಟಿಕೆಟ್ ಕೌಂಟರ್‌ಗೆ ಹೋಗಿ, ದಿಬ್ಬಕ್ಕೆ ಇಳಿಯಲ್ಲ ಅಂತ ಮುಂಚೇನೇ ಹೇಳಿ.

ಕಟಕ್_ರೋಡ್_ಕನ್ನಡಿಗ

ಭುವನೇಶ್ವರದಲ್ಲಿ ಆರು ವರ್ಷದಿಂದ ಇದೀನಿ, ಊರಿಂದ ಯಾರೇ ಪುರಿಗೆ ಬಂದ್ರೂ ಚಿಲಿಕಾ ಡ್ಯೂಟಿ ನಂದೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಕ್ಷಮಿಸಿ.

ಮೊದಲು "ಒಂದೇ ಕೆರೆ ತಾನೇ" ಅನ್ನೋದನ್ನ ತಲೆಯಿಂದ ತೆಗೆದುಹಾಕಿ. ಅದು ನಮ್ಮೂರ ಕೆರೆ ಥರ ಒಂದು ಸುತ್ತು ಹಾಕಿ ಬರೋದಲ್ಲ, ಬೇಸಿಗೇಲೇ 900 ಚದರ ಕಿಲೋಮೀಟರ್ ಹತ್ತಿರ ಇರುತ್ತೆ, ಮಳೆಗಾಲದಲ್ಲಿ 1,100 ದಾಟುತ್ತೆ. ಮತ್ತೆ ಎರಡು ತುದಿ ನೀರೂ ಬೇರೆ ಬೇರೆ. ಸಾತಪಡಾ ಇರೋದು ಸಮುದ್ರದ ಬಾಯಿಗೆ ಹತ್ತಿರ, ಉಪ್ಪುನೀರು ಒಳಗೆ ಬರೋ ಜಾಗ, ಅದಕ್ಕೇ ಅಲ್ಲಿ ಡಾಲ್ಫಿನ್. ಮಂಗಳಾಜೋಡಿ ಉತ್ತರದ ಅಂಚಲ್ಲಿ, ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ನೀರು ತಂದು ಸುರಿಯೋದು ಈ ಉತ್ತರದ ಕಡೆಗೇನೇ, ಹಾಗಾಗಿ ಇಲ್ಲಿ ನೀರು ಸಪ್ಪೆ, ಮಂಡಿಯಷ್ಟೇ ಆಳ, ಎಲ್ಲಿ ನೋಡಿದ್ರೂ ಜೊಂಡುಹುಲ್ಲು. ಬಾತುಗಳಿಗೆ ಹಬ್ಬ. ಈ ಉಪ್ಪು ಸಪ್ಪೆ ಲೆಕ್ಕ ಒಂದು ಸಲ ಪೂರ್ತಿ ತಪ್ಪಿತ್ತು, ಹೂಳು ತುಂಬಿ ಸಮುದ್ರದ ಬಾಯಿ ಕಟ್ಕೊಂಡು ಮೀನೂ ಹೋಗಿ ಕಳೆ ಹಬ್ಬಿ, 1993ರಲ್ಲಿ ಅಪಾಯದಲ್ಲಿರೋ ರಾಮ್ಸರ್ ತಾಣಗಳ (ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ) ಪಟ್ಟಿಗೆ ಸೇರಿಸಿಬಿಟ್ಟಿದ್ರು. 2000ದಲ್ಲಿ ಹೊಸ ಬಾಯಿ ಅಗೆದು ಸಮುದ್ರಕ್ಕೆ ದಾರಿ ಮಾಡಿದ್ಮೇಲೆ ಚೇತರಿಸ್ಕೊಳ್ತು, 2002ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆದ್ರು. ಈಗ ಜನವರಿ ಗಣತೀಲಿ ಹಕ್ಕಿ ಸಂಖ್ಯೆ ಹತ್ತು ಲಕ್ಷ ದಾಟುತ್ತೆ.

ಹಕ್ಕಿ ಹುಚ್ಚಿದೆ ಅಂತೀರಾ, ಹಂಗಾದ್ರೆ ಮಂಗಳಾಜೋಡಿ, ಎರಡನೇ ಮಾತಿಲ್ಲ. ಎರಡೂ ಒಂದೇ ದಿನ ಅನ್ನೋ ಆಸೆ ಬಿಡಿ, ಅಮ್ಮನ್ನ ಎಂಟು ಗಂಟೆ ಕಾರಲ್ಲಿ ಕೂರಿಸಿದ ಹಾಗಾಗುತ್ತೆ. ಪುರಿಯಿಂದ ಹೋಗ್ಬೇಡಿ, ಹಿಂದಿನ ರಾತ್ರಿ ಭುವನೇಶ್ವರದಲ್ಲಿ ಉಳ್ಕೊಳಿ, ಇಲ್ಲಿಂದ ಹೈವೇಲಿ ಟಾಂಗಿ ಅಂತ ಊರು ಬರುತ್ತೆ, ಅಲ್ಲಿ ಎಡಕ್ಕೆ ತಿರುಗಿದ್ರೆ ಆಯ್ತು, ಒಂದೂವರೆ ಗಂಟೆ ಹಿಡಿಯುತ್ತೆ. ನೆನಪಿಡಿ, ಇಲ್ಲಿ ಡಿಸೆಂಬರಲ್ಲಿ ಸಂಜೆ ಐದೂಕಾಲಿಗೆ ಸೂರ್ಯ ಮುಳುಗಿರ್ತಾನೆ, ಬೆಂಗಳೂರ ಲೆಕ್ಕದಲ್ಲಿ "ನಾಲ್ಕೂವರೆಗೆ ಬೋಟ್ ಹತ್ತೋಣ" ಅಂದ್ರೆ ಕತ್ತಲಲ್ಲಿ ಕೂತಿರ್ತೀರಾ. ಬೆಳಿಗ್ಗೆ ಆರಕ್ಕೆ ಬೋಟಲ್ಲಿರಬೇಕು.

ಇನ್ನು ಗೈಡ್. ಇಲ್ಲಿ ಗೈಡ್ ಬೇಕಾ ಅಂತ ಕೇಳೋದು ಮದ್ವೆಗೆ ಪುರೋಹಿತರು ಬೇಕಾ ಅಂತ ಕೇಳಿದ ಹಾಗೆ. ಈ ಊರು ಮೊದ್ಲು ಹಕ್ಕಿ ಬೇಟೆಗೇ ಹೆಸರುವಾಸಿ, ಬಲೆ, ವಿಷ, ಚಳಿಗಾಲದಲ್ಲಿ ಮಾಂಸ ಮೂಟೆಗಟ್ಟಲೆ ಹೋಗ್ತಿತ್ತಂತೆ. 2000ದ ಸುಮಾರಿಗೆ ವೈಲ್ಡ್ ಒರಿಸ್ಸಾ ಅನ್ನೋ ಸಂಸ್ಥೆಯವ್ರು ಬಂದು ಕೂತು ಮಾತಾಡಿ ಮಾತಾಡಿ, ಬೇಟೆಗಾರರನ್ನೇ ಸೇರಿಸಿ ಶ್ರೀ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಅಂತ ಮಾಡಿದ್ರು. ಚಿಲಿಕಾದೊಳಗೇ ಒಂದು ದ್ವೀಪದಲ್ಲಿ ಕಾಳಿಜಾಯಿ ಅಂತ ದೇವಿ ಇದಾಳೆ, ಆ ತಾಯಿ ಹೆಸರಲ್ಲಿ ಆಣೆ ಮಾಡಿ ಬಲೆ ಬಿಟ್ರಂತೆ. ಇವತ್ತು ನಿಮ್ಮ ಬೋಟ್ ತಳ್ಳೋನು, ಬೆರಳು ಮಾಡಿ ತೋರ್ಸೋನು ಅವರೇ ಅಥವಾ ಅವರ ಮಕ್ಕಳು. ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಕೂರುತ್ತೆ, ಎಷ್ಟು ಹತ್ತಿರ ಹೋದ್ರೆ ಏಳುತ್ತೆ ಅನ್ನೋದು ಪುಸ್ತಕದಿಂದ ಕಲ್ತಿದ್ದಲ್ಲ ನೋಡಿ.

ಬೋಟಿಗೆ ಮೋಟಾರ್ ಇಲ್ಲ, ಬಿದಿರು ಗಳ ಊರಿ ತಳ್ಳೋದು. ತಗ್ಗು ಬೋಟು, ಹತ್ತುವಾಗ ಒಬ್ರು ಕೈ ಹಿಡ್ಕೊಂಡ್ರೆ ಸಾಕು, ಆದ್ರೆ ಎರಡು ಮೂರು ಗಂಟೆ ಎದ್ದು ಓಡಾಡೋ ಹಾಗಿಲ್ಲ. ಹತ್ತೋ ಮುಂಚೆ ಬಾತ್‌ರೂಮ್ ಮುಗಿಸ್ಕೊಳಿ, ನೀರ ಮೇಲೆ ಏನೂ ಇಲ್ಲ. ಅಮ್ಮಂಗೆ ಒಂದು ದಿಂಬು ತಗೊಂಡೋಗಿ.

ಗದಗ_ಗಿರಮಿಟ್

ಅಲ್ರೀ ಅಕ್ಕಾರ, ಹಕ್ಕಿ ನೋಡಾಕ ಒಡಿಶಾದ ತನಕ ಯಾಕ ಹೋಗ್ತೀರಿ? ನಮ್ಮ ಮಾಗಡಿ ಕೆರಿ ಐತಲ್ಲ, ನಿಮ್ಮ ಬೆಂಗಳೂರ ಬಾಜೂ ಮಾಗಡಿ ಅಲ್ಲ, ಗದಗ ಜಿಲ್ಲಾ ಶಿರಹಟ್ಟಿ ಕಡೀದು. 2024ರಾಗ ಅದಕ್ಕೂ ರಾಮ್ಸರ್ ಪಟ್ಟಿ ಸಿಕ್ಕೈತಿ. ಹಿಮಾಲಯ ಹಾರಿ ಬರೋ ಗೀರುತಲಿ ಹೆಬ್ಬಾತು ಸಾವಿರಗಟ್ಟಲೆ ಬಂದು ಕುಂದರ್ತಾವ. ಹಗಲೆಲ್ಲಾ ಕೆರ್ಯಾಗ ನಿದ್ದಿ, ಕತ್ತಲಾದ್ರ ಶೇಂಗಾ ಹೊಲಕ್ಕ, ಕಡ್ಲಿ ಹೊಲಕ್ಕ ದಾಳಿ. ನಮ್ಮ ರೈತರು ಬೈಕೋತನ ಸಾಕ್ಯಾರ ಅವನ್ನ. ಬೋಟು ಬ್ಯಾಡ, ಮುತ್ತು ಮಾರಾವ್ರೂ ಇಲ್ಲ, ದಂಡಿ ಮ್ಯಾಲ ನಿಂತು ನೋಡ್ರಿ, ಆಮ್ಯಾಲ ಲಕ್ಷ್ಮೇಶ್ವರದಾಗ ಸೋಮೇಶ್ವರನ ದರ್ಶನ ಮಾಡ್ರಿ, ಅವ್ವಾರಿಗೂ ಖುಷಿ.

ಕಟಕ್_ರೋಡ್_ಕನ್ನಡಿಗ

ಹ್ಹಹ್ಹ ಗಿರಮಿಟ್ ಸರ್, ಜಗನ್ನಾಥನ್ನ ಶಿರಹಟ್ಟಿಗೆ ಕರ್ಸೋಕಾಗುತ್ತಾ ಹೇಳಿ. ಆದ್ರೆ ಮಾಗಡಿ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ಅದೇ ಹೆಬ್ಬಾತು ಚಿಲಿಕಾಗೂ ಬರುತ್ತೆ, ಹೆಚ್ಚಾಗಿ ನಳಬಣ ದ್ವೀಪದ ಕಡೆ, ಅಲ್ಲಿಗೆ ಇಳಿಯೋಕೆ ಬಿಡಲ್ಲ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿಸ್ಕೊಂಡ ಹೆಬ್ಬಾತು ನಮ್ಮ ಮೈಸೂರು ಕಡೆ ಕೆರೇಲಿ ಸಿಕ್ಕಿದ್ದೂ ಇದೆ. ಅದನ್ನ ಹತ್ತಿರದಿಂದ ನೋಡೋ ಆಸೆ ಇದ್ರೆ ಮಾಗಡೀನೇ ವಾಸಿ.

ಲೆನ್ಸ್_ಲಿಂಗಪ್ಪ

ಕ್ಯಾಮೆರಾದವ್ರಿಗೆ ಒಂದು ಮಾತು. ಗೈಡ್‌ಗೆ "ಇನ್ನೂ ಹತ್ರ, ಇನ್ನೂ ಹತ್ರ" ಅಂತ ಕಾಟ ಕೊಡ್ಬೇಡಿ. ನಾನು ಹೋದಾಗ ಪಕ್ಕದ ಬೋಟಲ್ಲಿ ದೊಡ್ಡ ಲೆನ್ಸ್ ಇಟ್ಕೊಂಡಿದ್ದ ಒಬ್ಬ ಮಹಾನುಭಾವ ಹಕ್ಕಿ ಹಾರೋ ಫೋಟೋ ಬೇಕು ಅಂತ ಚಪ್ಪಾಳೆ ಹೊಡೆದ. ಅವನ ಗೈಡ್ ಒಂದು ಮಾತೂ ಆಡ್ದೆ ಗಳ ತಿರುಗಿಸಿ ಬೋಟನ್ನ ದಡಕ್ಕೆ ತಂದು ನಿಲ್ಸಿಬಿಟ್ಟ, ಟ್ರಿಪ್ ಮುಗೀತು ಅಂತ. ನಮ್ಮ ಗೈಡ್ ನಗ್ತಾ ಇದ್ದ. ಸುಮ್ನೆ ಕೂತಿದ್ರೆ ಗಾಡ್‌ವಿಟ್ ಅನ್ನೋ ಉದ್ದ ಕೊಕ್ಕಿನ ಹಕ್ಕಿಗಳು ತಾವೇ ಬೋಟ್ ಪಕ್ಕಕ್ಕೆ ಬಂದು ಕೆಸರಿಗೆ ಕೊಕ್ಕು ಚುಚ್ಕೊಂಡು ಓಡಾಡ್ತವೆ, 400ರ ಲೆನ್ಸ್ ಇದ್ರೆ ಫ್ರೇಮಲ್ಲಿ ಹಿಡ್ಸಲ್ಲ.

ಸುಮ_ಗಿರಿನಗರ

ಹೋಗಿ ಬಂದ್ವಿ! ಇಲ್ಲಿ ಬರೆದ ಎಲ್ರಿಗೂ ಥ್ಯಾಂಕ್ಸ್, ಕಟಕ್ ರೋಡ್ ಅವ್ರಿಗಂತೂ ಸ್ಪೆಷಲ್ ಥ್ಯಾಂಕ್ಸ್. ಸಾತಪಡಾ ಬಿಟ್ವಿ, ಮಂಗಳಾಜೋಡಿ ಮಾತ್ರ.

ಭುವನೇಶ್ವರದಿಂದ ನಾಲ್ಕೂಕಾಲಿಗೆ ಹೊರಟ್ವಿ, ಅಮ್ಮ ದಾರಿಯುದ್ದಕ್ಕೂ "ದೇವರಿಗೂ ಇಷ್ಟು ಬೇಗ ಎದ್ದಿರ್ಲಿಲ್ಲ" ಅಂತ ಗೊಣಗ್ತಾನೇ ಇದ್ರು. ಊರು ಹತ್ರ ಬಂದಂಗೆ ಒಣಮೀನು ವಾಸನೆ, ಸೆರಗು ಮೂಗಿಗೆ. ಬೋಟ್ ಹತ್ತಿದ್ರೆ ಮಂಜು, ನಮ್ಮ ಬೋಟಿನ ತುದೀನೇ ಕಾಣ್ತಿಲ್ಲ. ಮುಕ್ಕಾಲು ಗಂಟೆ ಬರೀ ಶಬ್ದ, ಎಲ್ಲೋ ಸಾವಿರಾರು ಹಕ್ಕಿ ಗೊಣಗೊಣ ಅಂತ ಮಾತಾಡ್ತಾ ಇವೆ, ಒಂದೂ ಕಾಣಲ್ಲ. ನಂಗೆ ಅಳುನೇ ಬಂತು, ಇಷ್ಟು ದೂರ ಬಂದು ಹಿಂಗಾಯ್ತಲ್ಲ ಅಂತ. ಗೈಡ್ ಮಾತ್ರ ಆ ಮಂಜಲ್ಲೇ ಕಿವಿ ಕೊಟ್ಟು ಇದು ಪಿನ್‌ಟೇಲ್, ಇದು ಗಾಡ್‌ವಿಟ್, ಅಲ್ಲಿ ಬಲಕ್ಕೆ ಬ್ರಾಹ್ಮಣಿ ಬಾತು ಎರಡು ಇವೆ ಅಂತ ಹೇಳ್ತಾ ಹೋದ. ಎಂಟೂವರೆಗೆ ಮಂಜು ಹರೀತು, ಬಲಕ್ಕೆ ನೋಡಿದ್ರೆ ಸರಿಯಾಗಿ ಎರಡು ಬ್ರಾಹ್ಮಣಿ ಬಾತು, ಕಿತ್ತಳೆ ಬಣ್ಣಕ್ಕೆ ಬಿಸಿಲು ಬಿದ್ದಿತ್ತು. ಎರಡೇ!

ಅಮ್ಮಂಗೆ ಬಾತು ಗೀತು ಯಾವ್ದೂ ಹತ್ತಲಿಲ್ಲ. ಜೊಂಡಿನ ಮಧ್ಯೆ ಜಂಬುಕೋಳಿಗಳು ಕೆಂಪು ಕಾಲೆತ್ತಿ ಓಡಾಡ್ತಿದ್ದಾಗ ಮಾತ್ರ ಎದ್ದು ನಿಲ್ಲೋಕೆ ಹೋದ್ರು. "ಇದು ನಮ್ಮೂರ ಕೆರೇಲಿ ಇತ್ತಲ್ಲೇ, ನಾಟಿ ಗದ್ದೆಗೆ ನುಗ್ಗುತ್ತೆ ಅಂತ ಅಪ್ಪ ಡಬ್ಬ ಬಡೀತಿದ್ರು" ಅಂದ್ರು. ಅಮ್ಮನ ಊರು ಗುಬ್ಬಿ ಹತ್ರ, ಆ ಕೆರೇಲಿ ಈಗ ಜೊಂಡೂ ಇಲ್ಲ ಕೋಳೀನೂ ಇಲ್ಲ, ಅರ್ಧ ಸೈಟಾಗಿದೆ. ಆಮೇಲೆ ಗೈಡ್ ಕಡೆ ತಿರುಗಿ ಅಪ್ಪಟ ಕನ್ನಡದಲ್ಲೇ "ಏನಪ್ಪಾ, ಇದನ್ನೂ ತಿಂತಿದ್ರಾ ನೀವು?" ಅಂತ ಕೈ ಬಾಯಿಗೆ ಮಾಡಿ ಕೇಳಿಬಿಟ್ರು! ನಂಗೆ ನಾಚ್ಕೆ ಆಗಿ ತಲೆ ತಗ್ಗಿಸ್ದೆ. ಅವನು ನಕ್ಕ, ಹೌದು ಅಂತ ತಲೆಯಾಡ್ಸಿ ಎರಡೂ ಕಿವಿ ಹಿಡ್ಕೊಂಡ. ಅವರಪ್ಪ ಹಕ್ಕಿ ಕೂಗು ಅನುಕರಿಸಿ ಬಲೆಗೆ ಕರೀತಿದ್ರಂತೆ, ಅದೇ ಕೂಗನ್ನ ಇವನು ನಮಗೆ ಕೂಗಿ ತೋರಿಸ್ದ. ಜೊಂಡಿನ ಒಳಗಿಂದ ಉತ್ತರ ಬಂತು ಕಣ್ರೀ.

ಇನ್ನೊಂದು ಮರೆಯಲ್ಲ. ಮೇಲೆ ಒಂದು ಸೆಳೆವ, ಅದೇ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ, ತಗ್ಗಲ್ಲಿ ಹಾರ್ಕೊಂಡು ಬಂತು, ಅಷ್ಟೂ ಬಾತು ಒಟ್ಟಿಗೆ ಎದ್ವು, ಆ ರೆಕ್ಕೆ ಸದ್ದು ಮೈಮೇಲೆ ಮಳೆ ಬಂದಂಗೆ.

ಉಪಯೋಗಕ್ಕೆ ಬರೋ ಮಾತು: ಸ್ವೆಟರ್ ಜೊತೆ ಮಂಕಿ ಕ್ಯಾಪೂ ಬೇಕು, ಮಂಜಲ್ಲಿ ಕೂತ್ರೆ ಮೂಳೆಗೇ ಇಳಿಯುತ್ತೆ. ಗೈಡ್ ಹತ್ರ ಒಂದೇ ಬೈನಾಕ್ಯುಲರ್ ಇರುತ್ತೆ, ಇಬ್ರು ಇದ್ರೆ ನಿಮ್ಮದೊಂದು ತಗೊಂಡೋಗಿ. ನಮಗೆ ದುಡ್ಡು ಬೋಟ್ ಲೆಕ್ಕದಲ್ಲಿತ್ತು, ತಲೆ ಲೆಕ್ಕ ಅಲ್ಲ. ಊಟಕ್ಕೆ ನಾನು ಬುತ್ತಿ ಕಟ್ಕೊಂಡು ಹೋಗಿದ್ದೆ, ಚಪಾತಿ, ಶೇಂಗಾ ಚಟ್ನಿಪುಡಿ. ಪುರಿಯಲ್ಲಂತೂ ಆನಂದಬಜಾರಲ್ಲಿ ಮಹಾಪ್ರಸಾದ, ಈರುಳ್ಳಿ ಬೆಳ್ಳುಳ್ಳಿ ಚಿಂತೇನೇ ಇಲ್ಲ, ಅಮ್ಮ ಮೂರು ದಿನವೂ ಅದನ್ನೇ ಉಂಡ್ರು.

ಗದಗ_ಗಿರಮಿಟ್

ಭಾರಿ ಬರ್ದೀರಿ ಅಕ್ಕಾರ. ಅವ್ವಾರ ಪ್ರಶ್ನೆ ಮಾತ್ರ ಒಂದನೇ ನಂಬರ್. ಶೇಂಗಾ ಚಟ್ನಿ ಒಯ್ದಿದ್ದು ಕೇಳಿ ನಮ್ಮ ಹೆಬ್ಬಾತು ಮಾಫ್ ಮಾಡ್ಯಾವ.

ಹೊಸಬ_77

ಲೇಟಾಗಿ ಕೇಳ್ತಿದೀನಿ, ನಮಗೆ ಮಾರ್ಚ್ ಮೂರನೇ ವಾರದಲ್ಲೇ ರಜಾ ಸಿಗೋದು, ಮಕ್ಕಳ ಪರೀಕ್ಷೆ ಮುಗಿದ್ಮೇಲೆ. ಆಗ ಹೋದ್ರೆ ಏನಾದ್ರೂ ಸಿಗುತ್ತಾ?

ಕಟಕ್_ರೋಡ್_ಕನ್ನಡಿಗ

ಬಾತುಗಳು ಅಷ್ಟೊತ್ತಿಗೆ ಹೊರಟಿರ್ತವೆ ಸರ್, ಹಿಂದುಳಿದಿದ್ದು ಅಲ್ಲೊಂದು ಇಲ್ಲೊಂದು. ಜಂಬುಕೋಳಿ, ದೇವನಕ್ಕಿ, ಮಿಂಚುಳ್ಳಿ, ಬೆಳ್ಳಕ್ಕಿ ಇವೆಲ್ಲ ಅಲ್ಲಿಯವೇ, ಅವು ಸಿಗ್ತವೆ. ಆದ್ರೆ ಬಿಸಿಲು ಎಂಟು ಗಂಟೆಗೇ ಚುರುಕಾಗಿರುತ್ತೆ, ಮಕ್ಕಳು ಬೋಟಲ್ಲಿ ಕೂರಲ್ಲ. ಮಾರ್ಚಲ್ಲಾದ್ರೆ ಸಾತಪಡಾನೇ ವಾಸಿ, ಡಾಲ್ಫಿನ್ ವರ್ಷಪೂರ್ತಿ ಅಲ್ಲೇ ಇರ್ತವೆ, ಮೇಲೆ ತಿರುಗುಬಾಣ ಅವ್ರು ಹೇಳಿದ ಹಾಗೆ ವಾರದ ದಿನ ಹೋಗಿ. ಹಂಗೇ ಬೆಂಗಳೂರಿಂದ ಬರುವಾಗ ರೈಲಲ್ಲಿ ಬಲಗಡೆ ಕಿಟಕಿ ಹಿಡೀರಿ, ರಂಭಾ ಸ್ಟೇಷನ್ ಆದ್ಮೇಲೆ ಸುಮಾರು ದೂರ ಚಿಲಿಕಾ ಪಕ್ಕದಲ್ಲೇ ಬರುತ್ತೆ, ಅದಕ್ಕೆ ಟಿಕೆಟ್ಟೂ ಬೇಡ ಗೈಡೂ ಬೇಡ.