ಹಕ್ಕು ಖುಲಾಸೆಗೆ ಸಹಿ ಹಾಕಿದ ಮೇಲೂ ಅದು ನನ್ನ ಮನೆಯಾಗಿ ಉಳಿಯುತ್ತದೆಯೇ?

ಪ್ರಶ್ನೆ: ಹಿಪ್ಪುನೇರಳೆ (ಶಿಡ್ಲಘಟ್ಟ ತಾಲ್ಲೂಕು)

ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರವಳು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಇನ್ನೂ ಮದುವೆಯಾಗಿಲ್ಲ. ಅಜ್ಜನಿಂದ ಬಂದ ಎರಡೂವರೆ ಎಕರೆ ಜಮೀನು, ಅದರಲ್ಲಿ ಹಿಪ್ಪುನೇರಳೆ ತೋಟ, ಊರೊಳಗೆ ಅಪ್ಪ ಕಟ್ಟಿಸಿದ ಮನೆ, ಇಷ್ಟು ನಮ್ಮ ಆಸ್ತಿ. ಅಣ್ಣ ಹೊಸದಾಗಿ ರೇಷ್ಮೆ ಹುಳು ಸಾಕುವ ಮನೆ ಕಟ್ಟಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದಾನೆ. ವಂಶವೃಕ್ಷದಲ್ಲಿ ನನ್ನ ಹೆಸರೂ ಇರುವುದರಿಂದ ನನ್ನ ಸಹಿ ಬೇಕೆಂದು ಬ್ಯಾಂಕಿನವರು ಹೇಳಿದ್ದಾರೆ. ಹೇಗೂ ಒಮ್ಮೆ ಸಹಿ ಬೇಕು, ಹಾಗಾದರೆ ಹಕ್ಕು ಖುಲಾಸೆ ಪತ್ರವನ್ನೇ (ಆಸ್ತಿಯಲ್ಲಿ ನನಗಿರುವ ಹಕ್ಕನ್ನು ಬಿಟ್ಟುಕೊಡುವ ಪತ್ರ) ನೋಂದಾಯಿಸಿಬಿಡೋಣ, ಮುಂದೆ ತೊಂದರೆ ಇರುವುದಿಲ್ಲ ಎಂದು ಮನೆಯವರು ನಿರ್ಧರಿಸಿದ್ದಾರೆ.

ಇದರಲ್ಲಿ ಯಾರೂ ದುಷ್ಟರಲ್ಲ ಎಂಬುದೇ ನನ್ನ ಕಷ್ಟ. ಅಣ್ಣ ನನ್ನನ್ನು ಓದಿಸಲು ಅಪ್ಪನ ಹತ್ತಿರ ಜಗಳವಾಡಿದವನು. ಆದರೆ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆಯನ್ನು ಇನ್ನೂ ಎಲ್ಲಿಗೂ ಕೊಡದ ಹೆಣ್ಣಿನ ಮೇಲೂ ನಮ್ಮ ಮನೆಯಲ್ಲಿ ಪ್ರೀತಿಯಿಂದಲೇ ಪ್ರಯೋಗಿಸುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೋದರೆ ಒಂಟಿ ಹುಡುಗಿಯರಿಗೆ ಕೊಡುವುದಿಲ್ಲ ಎನ್ನುತ್ತಾರೆ, ಊರಿಗೆ ಬಂದರೆ ಇವಳು ಇನ್ನೊಬ್ಬರ ಮನೆ ಸೇರುವವಳು ಎನ್ನುತ್ತಾರೆ. (ಮನೆಯಲ್ಲಿ ತೆಲುಗು ಮಾತನಾಡುತ್ತೇವೆಂದು ತಿಳಿದೊಡನೆ ‘ನೀವು ಆಂಧ್ರದವರಾ’ ಎಂದು ಕೇಳುವವರ ವಿಷಯ ಬೇರೆಯೇ ಇದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ.)

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಹುಳುಗಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಗೂಡು ಕಟ್ಟುವವರೆಗೆ ನಮ್ಮಮ್ಮ ಸರಿಯಾಗಿ ಮಲಗುವುದಿಲ್ಲ. ಸೊಪ್ಪು ಕೊಯ್ಯುವುದು, ರಾತ್ರಿ ಎದ್ದು ಸೊಪ್ಪು ಹಾಕುವುದು, ಕಸ ತೆಗೆಯುವುದು, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುಗಳನ್ನು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರಿನ ತಟ್ಟೆ) ಬಿಡುವುದು, ಇದರ ನಡುವೆ ಎರಡು ಹೊತ್ತು ಹಸು ಕರೆಯುವುದು, ಎಲ್ಲವೂ ಅವಳದೇ. ಮುಟ್ಟಾದ ದಿನಗಳಲ್ಲಿ ಮಾತ್ರ ಅವಳು ಹುಳು ಮನೆಯ ಬಾಗಿಲು ದಾಟುವಂತಿಲ್ಲ. ಆದರೆ ಆ ದಿನಗಳಲ್ಲೂ ಹೊಲದಿಂದ ಸೊಪ್ಪು ಹೊತ್ತು ತರಬಹುದು. ರೇಷ್ಮೆ ಬೆಳೆಗಾರರ ಪಾಸ್ ಪುಸ್ತಕ ಅಪ್ಪನ ಹೆಸರಿನಲ್ಲಿದೆ, ಮಾರುಕಟ್ಟೆಯಲ್ಲಿ ಗೂಡು ಹರಾಜಾದ ಹಣ ಅವರ ಖಾತೆಗೆ ಬರುತ್ತದೆ, ಹಾಲಿನ ಡೇರಿಯ ಸದಸ್ಯತ್ವವೂ ಅವರದೇ. ಅಮ್ಮನ ಹೆಸರು ಯಜಮಾನಿ ಎಂದು ಇರುವುದು ಪಡಿತರ ಚೀಟಿಯಲ್ಲಿ ಮಾತ್ರ. ಅವಳಿಗೇ ಹೆಸರಿಲ್ಲದ ಜಾಗದಲ್ಲಿ ನನ್ನ ಹೆಸರು ಕೇಳುವುದು ಹೇಗೆ ಎಂದು ಒಮ್ಮೊಮ್ಮೆ ಸಂಕೋಚವಾಗುತ್ತದೆ, ಕೇಳದಿದ್ದರೆ ಅವಳ ಸ್ಥಿತಿಯೇ ನನಗೂ ಬರುತ್ತದೆ ಎಂದೂ ಅನ್ನಿಸುತ್ತದೆ.

ಸಹಿ ಹಾಕಿದರೆ ಕಾನೂನಿನ ಪ್ರಕಾರ ನಾನು ಏನನ್ನು ಬಿಟ್ಟುಕೊಟ್ಟಂತಾಗುತ್ತದೆ? ಹಾಕದೆ ಉಳಿದು ಅಣ್ಣನೊಡನೆ ಬಾಂಧವ್ಯವನ್ನೂ ಉಳಿಸಿಕೊಂಡವರು ಇಲ್ಲಿ ಇದ್ದೀರಾ?

ಉತ್ತರ 1: ಗುಬ್ಬಿ ತಾಲ್ಲೂಕಿನವನು

ತುಮಕೂರಿನಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿರುವುದರಿಂದ ಕಾನೂನಿನ ಭಾಗವನ್ನಷ್ಟೇ ಹೇಳುತ್ತೇನೆ.

ಮೊದಲು, ಅಜ್ಜನಿಂದ ಬಂದಿದೆ ಎಂದ ಮಾತ್ರಕ್ಕೆ ಜಮೀನು ಪಿತ್ರಾರ್ಜಿತವಾಗುವುದಿಲ್ಲ. ಅದು ಅಜ್ಜನ ಸ್ವಂತ ಸಂಪಾದನೆಯಾಗಿದ್ದು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಅವರು ಉಯಿಲು ಬರೆಯದೆ ತೀರಿಕೊಂಡು ನಿಮ್ಮ ತಂದೆಗೆ ಬಂದಿದ್ದರೆ, ಸಾಮಾನ್ಯವಾಗಿ ಅದನ್ನು ತಂದೆಯ ಪ್ರತ್ಯೇಕ ಆಸ್ತಿಯೆಂದೇ ನ್ಯಾಯಾಲಯಗಳು ನೋಡುತ್ತವೆ. ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದು ವಿಭಾಗದಲ್ಲಿ ತಂದೆಯ ಪಾಲಿಗೆ ಬಂದಿದ್ದರೆ, ಅದರಲ್ಲಿ ನಿಮಗೂ ನಿಮ್ಮ ಅಣ್ಣನಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದೆ. ಆದ್ದರಿಂದ ಪಹಣಿಯ ಜೊತೆಗೆ ಹಳೆಯ ಮ್ಯುಟೇಶನ್ ದಾಖಲೆಗಳನ್ನೂ ತೆಗೆಸಿ, ಖಾತೆ ಬದಲಾದದ್ದು ಪೌತಿಯಿಂದಲೋ (ಖಾತೆದಾರರ ಮರಣದಿಂದ) ವಿಭಾಗದಿಂದಲೋ ಎಂದು ನೋಡಿಕೊಳ್ಳಿ.

ಈ ಹಕ್ಕು ನಿನ್ನೆ ಮೊನ್ನೆ ಬಂದದ್ದಲ್ಲ. ನಮ್ಮ ಜಿಲ್ಲೆಗಳು ಮೈಸೂರು ಸಂಸ್ಥಾನದಲ್ಲಿದ್ದಾಗ, 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆಯೇ ವಿಭಾಗದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲನ್ನು ಗುರುತಿಸಿತ್ತು, ಅದು ಗಂಡುಮಕ್ಕಳ ಪಾಲಿಗೆ ಸಮನಾಗಿರಲಿಲ್ಲ ಎಂಬುದು ನಿಜ. ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ಮಾಡಿದ ತಿದ್ದುಪಡಿ 1994ರ ಜುಲೈ 30ರಿಂದ ಸಮಾನ ಹಕ್ಕನ್ನು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಮದುವೆಯ ಷರತ್ತನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ಸ್ಪಷ್ಟಪಡಿಸಿತು.

ನೋಂದಾಯಿತ ಖುಲಾಸೆ ಪತ್ರಕ್ಕೆ ಸಹಿ ಹಾಕಿದರೆ ಈ ಹಕ್ಕು ಹೋಗುತ್ತದೆ, ಮೋಸ, ಬಲವಂತದಂಥ ಕಾರಣವನ್ನು ಸಾಬೀತುಪಡಿಸದೆ ಅದನ್ನು ಹಿಂಪಡೆಯಲಾಗದು. ತಂದೆ ಸ್ವಂತವಾಗಿ ಕಟ್ಟಿಸಿದ ಮನೆಯ ವಿಷಯ ಬೇರೆ: ಅವರು ಬದುಕಿರುವಾಗ ಅದು ಅವರದು, ಯಾರಿಗೆ ಬೇಕಾದರೂ ಕೊಡಬಹುದು. ಉಯಿಲು ಬರೆಯದೆ ಹೋದರೆ ಹೆಂಡತಿ ಮಕ್ಕಳಿಗೆಲ್ಲ ಸಮನಾಗಿ ಬರುತ್ತದೆ.

ಬ್ಯಾಂಕಿಗೆ ಬೇಕಾದದ್ದು ಅಡಮಾನಕ್ಕೆ ನಿಮ್ಮ ಒಪ್ಪಿಗೆಯೇ ಹೊರತು ನಿಮ್ಮ ಹಕ್ಕು ಅಳಿಯುವುದಲ್ಲ. ಇವೆರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಉತ್ತರ 2: ಮುಳಬಾಗಿಲಿನ ಅಕ್ಕ

ತಂಗಿ, ನನ್ನ ಮದುವೆ 1992ರಲ್ಲಿ ಆಯಿತು. ಮೇಲಿನವರು ಹೇಳಿದ ರಾಜ್ಯದ ಕಾನೂನು ನನ್ನನ್ನು ಮುಟ್ಟಲಿಲ್ಲ, ಕೇಂದ್ರದ್ದು ಮುಟ್ಟಿತು, ಆಗ ತಮ್ಮ ಬಂದು ಸಹಿ ಕೇಳಿದ. ತಿಳಿದೇ ಹಾಕಿದೆ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟ, ಅದನ್ನು ಮಗಳ ಓದಿಗೆ ಬಳಸಿದೆ. ಆ ಬಗ್ಗೆ ನನಗೆ ಅಳು ಇಲ್ಲ.

ಸಹಿ ಹಾಕಿದ ಮೇಲೆ ತಮ್ಮ ಬದಲಾದ ಎಂಬ ಕಥೆ ಕೇಳಿರುತ್ತೀರಿ. ನನ್ನ ತಮ್ಮ ಬದಲಾಗಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಿಲ್ಲ, ಹೋದರೆ ಒಬ್ಬಟ್ಟು ಮಾಡಿಸುತ್ತಾನೆ. ಆದರೆ ಗಂಡನ ಮನೆಯಲ್ಲಿ ದೊಡ್ಡ ಜಗಳವಾಗಿ, ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಇರಬೇಕಾಗಿ ಬಂದಾಗ, ಹಬ್ಬಕ್ಕೆ ಬಂದವಳಿಗೆ ಒಂದು ಲೆಕ್ಕ, ಉಳಿಯಲು ಬಂದವಳಿಗೆ ಇನ್ನೊಂದು ಲೆಕ್ಕ ಎಂದು ತಿಳಿಯಿತು. ತಮ್ಮನಾಗಲಿ ನಾದಿನಿಯಾಗಲಿ ಒಂದು ಮಾತೂ ಆಡಲಿಲ್ಲ. ನೀರಿಗೆ ಹೋದರೆ, ಅಂಗಡಿಗೆ ಹೋದರೆ, ಊರಿನವರೆಲ್ಲ ‘ಯಾವಾಗ ಹೊರಟಿದ್ದೀರಮ್ಮ’ ಎಂದು ಕೇಳುತ್ತಿದ್ದರು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ರಾಗಿ ಮೂಟೆಗಳ ಪಕ್ಕ ಮಲಗಿ, ಅಡುಗೆಮನೆಯಲ್ಲಿ ಯಾವ ಡಬ್ಬಿ ತೆರೆಯುವುದಕ್ಕೂ ಮೊದಲು ಕೇಳಿಕೊಳ್ಳುತ್ತಿದ್ದೆ. ಯಾರೂ ಹಾಗೆ ಕೇಳಬೇಕೆಂದು ಹೇಳಿರಲಿಲ್ಲ, ನಾನಾಗಿಯೇ ಕೇಳುತ್ತಿದ್ದೆ.

ಕೊನೆಗೆ ನನಗೆ ನೆರವಾದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ. ಒಟ್ಟಿಗೆ ಬಾಳಿದ ಮನೆಯ ಮೇಲೆ ಹೆಣ್ಣಿಗೆ ಒಡೆತನ ಇಲ್ಲದಿದ್ದರೂ ವಾಸದ ಹಕ್ಕಿದೆ, ಕಾನೂನಿನ ಕ್ರಮವಿಲ್ಲದೆ ಅವಳನ್ನು ಹೊರಗೆ ಹಾಕುವಂತಿಲ್ಲ ಎಂದು ಅದು ಹೇಳುತ್ತದೆ. ಹಾಗೆ ಗಂಡನ ಮನೆಗೆ ಹಿಂತಿರುಗಿದೆ. ಇದು ಹೆಂಡತಿಗೆ ಮಾತ್ರವಲ್ಲ, ತಾಯಿ, ತಂಗಿಯರಿಗೂ ಅನ್ವಯಿಸುತ್ತದೆ ಎಂದು ಆಗ ವಕೀಲರು ತಿಳಿಸಿದರು. ಆದರೆ ಇರಲು ಬಿಡುತ್ತಾರೆ ಎಂಬುದಕ್ಕೂ ನನ್ನದು ಎಂಬುದಕ್ಕೂ ಅಂತರವಿದೆ.

ಉತ್ತರ 3: ಚಿಂತಾಮಣಿಯ ಅಣ್ಣ

ಇಲ್ಲಿ ಅಣ್ಣಂದಿರ ಪರವಾಗಿ ಯಾರೂ ಮಾತನಾಡಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಮ್ಮ ಭಾಗದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಕಾಲುವೆ ಇಲ್ಲ, ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ನೀರು ಸಿಗುವ ಭರವಸೆ ಇಲ್ಲ. ತಂಗಿಯ ಮದುವೆಯ ಸಾಲ, ವಿಫಲವಾದ ಬೋರುಗಳ ಸಾಲ, ತಂದೆತಾಯಿಯ ಆಸ್ಪತ್ರೆ ಖರ್ಚು, ಇವುಗಳಲ್ಲಿ ಯಾರೂ ಸಮಪಾಲು ಕೇಳಿ ಬರುವುದಿಲ್ಲ. ಎರಡೂವರೆ ಎಕರೆಯನ್ನು ಇಬ್ಬರಿಗೆ ಹಂಚಿದರೆ ಯಾರಿಗೂ ಬೇಸಾಯ ಉಳಿಯುವುದಿಲ್ಲ. ನೀವು ಬೆಂಗಳೂರಿನಲ್ಲಿ ಸಂಬಳ ಪಡೆಯುತ್ತೀರಿ, ಅವರು ಹೊಲದಲ್ಲಿದ್ದಾರೆ. ಸ್ತ್ರೀವಾದ ಓದಿಕೊಂಡವರು ಇದನ್ನೂ ತೂಗಬೇಕು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಹಿಪ್ಪುನೇರಳೆ

ಅಣ್ಣ, ನಿಮ್ಮ ಮಾತಿನಲ್ಲಿ ಸಾಲದ ವಿಷಯ ನ್ಯಾಯವಾದದ್ದು. ಪಾಲಿನ ಜೊತೆಗೆ ಸಾಲವೂ ಬರಬೇಕು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿನಲ್ಲಿ ನಾನು ಈಗಲೂ ಭಾಗ ಕೊಡುತ್ತಿದ್ದೇನೆ. ಆದರೆ ಹೊಲದಲ್ಲಿ ಇರುವವರಿಗೆ ಹೊಲ ಸೇರಬೇಕು ಎಂಬ ತರ್ಕವನ್ನು ಪೂರ್ತಿಯಾಗಿ ಒಪ್ಪುವುದಾದರೆ ನಮ್ಮ ಮನೆಯಲ್ಲಿ ಮೊದಲ ಪಾಲು ಅಮ್ಮನಿಗೆ ಹೋಗಬೇಕು. ಗಂಡುಮಗ ಬೆಂಗಳೂರಿನ ಕಂಪನಿಯಲ್ಲಿದ್ದರೂ ಅವನ ಪಾಲನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದನ್ನು ನಮ್ಮೂರಿನಲ್ಲೇ ನೋಡಿದ್ದೇನೆ. ಹಂಚಿದರೆ ಬೇಸಾಯ ಹಾಳಾಗುತ್ತದೆ ಎಂಬುದೂ ಅಷ್ಟು ಸರಿಯಲ್ಲ, ಜಮೀನು ಜಂಟಿಯಾಗಿಯೇ ಉಳಿದು ಅಣ್ಣ ಉಳುಮೆ ಮಾಡಿಕೊಂಡು ಹೋಗಲು ನನ್ನ ಹಕ್ಕು ಅಡ್ಡಿ ಬರುವುದಿಲ್ಲ.

ಅಕ್ಕ, ಡಬ್ಬಿಯ ಮಾತು ಓದಿದ ಮೇಲೆ ನಾನು ಅಮ್ಮನ ಹತ್ತಿರ ಮಾತನಾಡಿದೆ. ‘ನಿನಗೆ ಬೇಕಾದರೆ ಕೇಳು, ನನ್ನನ್ನು ನೆಪ ಮಾಡಬೇಡ’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ತಾನೇ ಕೇಳಿದಳು. ಈಗ ನಾನು ಮನೆಯವರ ಮುಂದಿಡಲು ಯೋಚಿಸಿರುವುದು ಹೀಗಿದೆ: ಖುಲಾಸೆ ಪತ್ರ ಬರೆದುಕೊಡುವುದಿಲ್ಲ, ಸಾಲಕ್ಕೆ ಒಪ್ಪಿಗೆ ಕೊಡುತ್ತೇನೆ. ಅಪ್ಪ ಕಟ್ಟಿಸಿದ ಮನೆಯಲ್ಲಿ ಅಮ್ಮನ ಹೆಸರನ್ನೂ ಸೇರಿಸಲು ಅಪ್ಪನನ್ನು ಕೇಳುತ್ತೇನೆ. ಹೊಸ ಹುಳು ಮನೆಯಿಂದ ಬರುವ ಹಣದಲ್ಲಿ ಒಂದು ಭಾಗ ಅಮ್ಮನ ಸ್ವಂತ ಖಾತೆಗೆ ಹೋಗಲಿ ಎನ್ನುತ್ತೇನೆ. ಕೊನೆಯದಕ್ಕೆ ಅಣ್ಣ ನಗುತ್ತಾನೆ ಎಂದು ಗೊತ್ತಿದೆ.

ಉತ್ತರ 4: ಗುಬ್ಬಿ ತಾಲ್ಲೂಕಿನವನು

ಮನೆಗೆ ಅಮ್ಮನ ಹೆಸರು ಸೇರಿಸಲು ತಂದೆ ನೋಂದಾಯಿತ ದಾನಪತ್ರ ಮಾಡಬಹುದು, ಆಮೇಲೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು (ಮನೆ, ನಿವೇಶನಗಳ ಗಣಕೀಕೃತ ಖಾತೆ) ದಾಖಲೆಯಲ್ಲಿ ಹೆಸರು ಬದಲಾಗಬೇಕು. ಬ್ಯಾಂಕಿನ ಪತ್ರದ ಕರಡನ್ನು ಮೊದಲೇ ತರಿಸಿಕೊಂಡು ಓದಿ. ‘ಸಹ ಸಾಲಗಾರ್ತಿ’ ಅಥವಾ ‘ಜಾಮೀನುದಾರಳು’ ಎಂದು ಬರೆದಿದ್ದರೆ ಅಣ್ಣ ಕಟ್ಟದ ಕಂತಿಗೆ ನೀವೂ ಹೊಣೆಯಾಗುತ್ತೀರಿ. ಕೇವಲ ಅಡಮಾನಕ್ಕೆ ಒಪ್ಪಿಗೆ ಎಂದಿದ್ದರೂ, ಸಾಲ ತೀರದಿದ್ದಾಗ ನಿಮ್ಮ ಪಾಲಿನ ಜಮೀನೂ ಹರಾಜಿಗೆ ಬರಬಹುದು. ಸಹಿ ಹಾಕುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ತೋರಿಸಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ಸಲಹೆ ಸಿಗುತ್ತದೆ. ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ.