ಬಾವಿ ನೀರಾಗ ನೈಟ್ರೇಟ್ ಜಾಸ್ತಿ, ಸೆಪ್ಟಿಕ್ ಟ್ಯಾಂಕಿನ ನೀರಾಗ ಸೊನ್ನೆ: ಇದು ಹ್ಯಾಂಗ?

ಕೆಂಪುನೆಲ_ಬೀದರ:
ನಮಸ್ಕಾರ್ರಿ. ನಮ್ಮೂರು ಬೀದರ ತಾಲ್ಲೂಕಿನ್ಯಾಗ ಅದ, ಕೆಂಪು ಜಂಬಿಟ್ಟಿಗೆ ನೆಲ. ಮನಿ ಹಿಂದಿನ ತೆರೆದ ಬಾವಿ ನೀರು ಲ್ಯಾಬಿಗೆ ಕೊಟ್ಟಿದ್ವಿ, ನೈಟ್ರೇಟ್ 14 ಬಂತು. ಮಿತಿ 45 ಅದಲ್ಲ ಅಂತ ಸುಮ್ಮನಾದ್ವಿ. ಆಮ್ಯಾಲ ಕಿಟ್‌ನ್ಯಾಗ ನೋಡಿದ್ರ ಗಾಢ ಗುಲಾಬಿ ಬಣ್ಣ, 45 ದಾಟ್ಯದ. ಬಾವಿಯಿಂದ 25 ಅಡಿಗೆ ಸೆಪ್ಟಿಕ್ ಟ್ಯಾಂಕಿನ ನೀರು ಇಂಗೋ ಇಂಗುಗುಂಡಿ ಅದ. ಟ್ಯಾಂಕಿನಿಂದ ಹೊರಬೀಳೋ ನೀರನ್ನೂ ನೋಡಿದೆ, ನೈಟ್ರೇಟ್ ಇಲ್ಲವೇ ಇಲ್ಲ. ಗೌಂಡಿ "ಟ್ಯಾಂಕಿಂದಲ್ಲ, ಹೊಲದ ಗೊಬ್ಬರದ್ದು" ಅಂತಾನ. ಮನ್ಯಾಗ ಮೂರು ತಿಂಗಳ ಕೂಸು ಅದ. ಯಾವುದನ್ನ ನಂಬಬೇಕ್ರಿ?

ಅಂತರ್ಜಲ_ಕಲಬುರಗಿ:
ಮೊದಲು ಕೂಸಿನ ಮಾತು. ತಾಯಿ ಹಾಲು ಕುಡೀತಿದ್ರ ಚಿಂತಿ ಇಲ್ಲ. ಪುಡಿ ಹಾಲು ಕಲಸೋಕೆ ಈ ಬಾವಿ ನೀರು ಇವತ್ತಿಂದಲೇ ಬ್ಯಾಡ್ರಿ. ಆರು ತಿಂಗಳೊಳಗಿನ ಕೂಸುಗಳಿಗೆ ನೈಟ್ರೇಟಿನಿಂದ ರಕ್ತ ಆಮ್ಲಜನಕ ಒಯ್ಯೋದು ಕಮ್ಮಿ ಆಗಿ ಮೈ ನೀಲಿ ಆಗೋ ಅಪಾಯ ಅದ.

ಇನ್ನು 14ರ ಗೊಂದಲ. ರಿಪೋರ್ಟಿನ್ಯಾಗ 'ನೈಟ್ರೇಟ್, ಸಾರಜನಕದ ಲೆಕ್ಕದಲ್ಲಿ' ಅಂತ ಇದ್ರ ಅದನ್ನ 4.43ರಿಂದ ಗುಣಿಸಬೇಕು. 14 ಆಗ 62 ಆಗ್ತದ. ಭಾರತೀಯ ಮಾನಕ ಐಎಸ್ 10500 ಹೇಳೋ ಲೀಟರಿಗೆ 45 ಮಿಲಿಗ್ರಾಂ ಪೂರ್ತಿ ನೈಟ್ರೇಟಿನ ಲೆಕ್ಕ. ಹಂಗಿದ್ರ ಲ್ಯಾಬೂ ಕಿಟ್ಟೂ ಒಂದೇ ಮಾತು ಹೇಳ್ಯಾವ.

ಟ್ಯಾಂಕಿನ ನೀರಾಗ ಸೊನ್ನೆ ಬಂದದ್ದು ಸಹಜ. ಒಳಗ ಗಾಳಿ ಇಲ್ಲ, ಸಾರಜನಕ ಅಮೋನಿಯಂ ಆಗಿಯೇ ಕೂತಿರ್ತದ. ಇಂಗುಗುಂಡಿಯ ಸುತ್ತ ಗಾಳಿ ಆಡೋ ಮಣ್ಣಿಗೆ ಬಂದ ಮ್ಯಾಲೇ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡ್ತಾವ. ಟ್ಯಾಂಕಿನ ನೀರು ತೋರಿಸಿ ಟ್ಯಾಂಕು ಶುದ್ಧ ಅನ್ನೋದು ತಪ್ಪು ತೀರ್ಮಾನ.

ತೊಗರಿ_ಯಾದಗಿರಿ:
ನೀರು ಕುದಿಸಿದ್ರ ಹೋಗಲ್ವೇನ್ರಿ? ಒಂದು ಮನಿ ಹೊಲಸಿಂದ ಇಷ್ಟು ಏರ್ತದಾ?

ಅಂತರ್ಜಲ_ಕಲಬುರಗಿ:
ಕುದಿಸಿದ್ರ ನೀರು ಕಮ್ಮಿ ಆಗಿ ನೈಟ್ರೇಟ್ ಇನ್ನೂ ದಟ್ಟ ಆಗ್ತದ. ಕ್ಲೋರಿನ್ನಿಗೂ ಹೋಗಲ್ಲ. ಆರ್‌ಒ ತೆಗೀತದ, ಮೆಂಬ್ರೇನ್ ಚಲೋ ಇರೋವರೆಗೆ.

ಏರ್ತದಾ ಅಂದ್ರ, ಒಬ್ಬ ವಯಸ್ಕನಿಂದ ವರ್ಷಕ್ಕ ಸುಮಾರು 4 ಕೆಜಿ ಸಾರಜನಕ ಹೊರಹೋಗ್ತದ. ಐದು ಮಂದಿಗೆ 20 ಕೆಜಿ, ಹತ್ತಿರ ಹತ್ತಿರ 45 ಕೆಜಿಯ ಒಂದು ಯೂರಿಯಾ ಚೀಲ. ಹೊಲದಾಗ ಆ ಚೀಲ ಎಕರೆ ತುಂಬ ಹರಡ್ತೀರಿ, ಬೆಳಿ ತಿಂತದ. ಇಲ್ಲಿ ಎಲ್ಲ ಒಂದೇ ಗುಂಡಿಗೆ, ಬೇರುಗಳ ಕೆಳಗ. ಸ್ವಲ್ಪ ಗಾಳಿಗೆ ಹೋದ್ರೂ ಉಳಿದದ್ದು ಕಮ್ಮಿ ಅಲ್ಲ. ಜಂಬಿಟ್ಟಿಗೆ ನೀರನ್ನ ಸರಕ್ಕನೆ ಬಿಡ್ತದ, ಕೆಳಗಿನ ಜಿಗುಟು ಪದರು ತಡೆದಾಗ ನೀರು ಅಡ್ಡ ಹರೀತದ. ಬೀದರದ ನೌಬಾದ ಸುರಂಗ ಬಾವಿ ನೀರು ಹಿಡಿದದ್ದೂ ಇಂಥ ನೆಲದಾಗೇ. ಅದಕ್ಕ 25 ಅಡಿ ಭಾಳ ಹತ್ತಿರ. ಸೆಪ್ಟಿಕ್ ಟ್ಯಾಂಕಿನ ಮಾನಕ ಐಎಸ್ 2470 ಬಾವಿಯಿಂದ ಇಡ್ರಿ ಅಂತ ಹೇಳೋ ಕನಿಷ್ಠ 18 ಮೀಟರ್ ದೂರ ಕೂಡ ರೋಗಾಣು ನೋಡಿ ಇಟ್ಟದ್ದು, ನೈಟ್ರೇಟ್ ಅದನ್ನೂ ದಾಟ್ತದ.

@ಕೆಂಪುನೆಲ_ಬೀದರ, ನೈಟ್ರೇಟ್ ಜೋಡಿ ಕ್ಲೋರೈಡೂ ಅಳೆಸ್ರಿ. ಯೂರಿಯಾದಾಗ ಕ್ಲೋರೈಡ್ ಇಲ್ಲ, ಮೂತ್ರದಾಗ ಅದ. ಏರುಕಡಿ ಒಂದು ಬಾವಿ, ನಿಮ್ಮದು, ಇಳಿಜಾರಿನದು ಒಂದು, ಮೂರೂ ಒಂದೇ ದಿನ, ಒಂದೇ ಲ್ಯಾಬಿಗೆ. ಎರಡೂ ಕೂಡಿ ಏರಿದ್ರ ಹೊಲಸು; ನೈಟ್ರೇಟ್ ಮಾತ್ರ ಏರಿದ್ರ ಗೊಬ್ಬರದ ಕಡಿ ಸಂಶಯ. ಪೊಟ್ಯಾಷ್ ಹಾಕಿದ ಹೊಲ ಇದ್ರ ಹೇಳ್ರಿ, ಅದರಾಗೂ ಕ್ಲೋರೈಡ್ ಇರ್ತದ. ಮಾದರಿ ಐಸಿನ್ಯಾಗಿಟ್ಟು ಅದೇ ದಿನ ಕೊಡ್ರಿ.

ಕೆಂಪುನೆಲ_ಬೀದರ:
ಅಣ್ಣಾರ, ರಿಪೋರ್ಟ್ ಬಂತು. ನೀವು ಅಂದ್ಹಂಗ ಸಾರಜನಕದ ಲೆಕ್ಕವೇ ಇತ್ತು. ಗುಣಿಸಿದ ಮ್ಯಾಲ ಏರುಕಡಿ ಬಾವಿ ನೈಟ್ರೇಟ್ 18, ಕ್ಲೋರೈಡ್ 40. ನಮ್ಮದು 62, 150. ಇಳಿಜಾರಿನದು 51, 120. ಪೊಟ್ಯಾಷ್ ಯಾರೂ ಹಾಕಿಲ್ಲ. ಆದ್ರ ಬಾವಿಗೂ ಗುಂಡಿಗೂ ನಡುವ ತಿಪ್ಪಿ ಅದ.

ಅಂತರ್ಜಲ_ಕಲಬುರಗಿ:
ಹಂಗಿದ್ರ ಪೂರ್ತಿ ಗುಂಡಿ ಮ್ಯಾಲೇ ಹೊರಿಸಬ್ಯಾಡ್ರಿ. ಸಗಣಿ, ಗಂಜಲದಾಗೂ ಎರಡೂ ಇರ್ತಾವ, ಈ ಅಂಕಿಗಳು ಅವನ್ನ ಬೇರ್ಪಡಿಸಲಾರವು. ಮಳಿಗಿಂತ ಮುಂಚೆ ತಿಪ್ಪಿ ಇಳಿಜಾರಿಗೆ ಒಯ್ರಿ, ಕೆಳಗ ಕಲ್ಲುಹಾಸು ಹಾಕ್ರಿ. ಟ್ಯಾಂಕಿನ ನೀರು ಆಳದ ಗುಂಡಿಗೆ ಬಿಡೋ ಬದಲು, ಬಾವಿಯಿಂದ ದೂರ ಇಳಿಜಾರಿನ್ಯಾಗ ಮೇಲ್ಮಟ್ಟದ ಜಲ್ಲಿ ಕಾಲುವಿಗೆ ತಿರುಗಿಸಿ ಪಕ್ಕದಾಗ ಬಾಳಿ ಹಚ್ರಿ. ಮಳಿ ಮುಗಿದ ಮ್ಯಾಲ ಅದೇ ಮೂರು ಬಾವಿ ನೀರು ಮತ್ತ ಅಳೆಸ್ರಿ, ಇಳಿಜಾರಿನ ಬಾವಿಯವರಿಗೂ ಈ ರಿಪೋರ್ಟ್ ತೋರಿಸ್ರಿ. ಅವರ ನೀರೂ ಮಿತಿ ದಾಟ್ಯದ.