ಸಹಾಯ ಬೇಕು: ರಮ್ ತುಂಬಿದ ಚಾಕಲೇಟ್ ಮಾರಲು ನಿಯಮ ಏನು?

ಅಣ್ಣಾರೆ, ಅಕ್ಕಾರೆ, ನಮಸ್ಕಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮನೆಯಲ್ಲೇ ಚಾಕಲೇಟ್ ಮಾಡಿ ಮಾರುತ್ತೇನೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇದೆ, 14 ಅಂಕಿಯ ನಂಬರ್ ಡಬ್ಬಿ ಮೇಲೆ ಹಾಕುತ್ತೇನೆ. ಈಗ ಕ್ರಿಸ್‌ಮಸ್‌ಗೆ ಒಳಗೆ ರಮ್ ತುಂಬಿದ್ದು ಬೇಕು ಅಂತ ಕೇಳುತ್ತಿದ್ದಾರೆ.

ರಮ್ ಆವಿಯಾಗಿ ಹೋಗುತ್ತೆ, ಸುಮ್ನೆ ಮಾಡಿಕೊಡಿ ಅಂತ ಕೆಲವರು ಹೇಳಿದರು. ಅದು ಸರಿಯಲ್ಲ. ಒಳಗಿನ ಹೂರಣವನ್ನು ಕುದಿಸುವುದೇ ಇಲ್ಲ, ಹಾಕಿದ್ದು ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ. ಗಿಫ್ಟ್ ಡಬ್ಬಿಗೆ ಮೊದಲು ಕೈ ಹಾಕುವವರು ಮಕ್ಕಳೇ ಅಲ್ವಾ? ಗರ್ಭಿಣಿಯರು, ಕುಡಿತ ಬಿಟ್ಟವರು, ಧರ್ಮದ ಕಾರಣಕ್ಕೆ ಮುಟ್ಟದವರೂ ಇರುತ್ತಾರೆ. ಸಣ್ಣ ಅಕ್ಷರದಲ್ಲಿ ‘ಫ್ಲೇವರ್’ ಅಂತ ಬರೆದು ಕೊಡಲು ನನಗೆ ಮನಸ್ಸಿಲ್ಲ.

ಅಮೆರಿಕದ ಕೇಂದ್ರ ಕಾನೂನಿನಲ್ಲಿ ಮಿಠಾಯಿಯೊಳಗಿನ ಆಲ್ಕೋಹಾಲ್‌ಗೆ ಶೇ 0.5 ಮಿತಿ, ಅದೂ ಎಸೆನ್ಸ್‌ನಿಂದ ಬಂದದ್ದು ಮಾತ್ರ. ಜಾಸ್ತಿ ಇದ್ದರೆ ಮಾರುವ ರಾಜ್ಯ ಒಪ್ಪಿರಬೇಕು. ನಮ್ಮ ಎಫ್‌ಎಸ್‌ಎಸ್‌ಎಐನ 2018ರ ನಿಯಮದಲ್ಲೂ ಶೇ 0.5ರ ಗೆರೆ ಇದೆ, ಆದರೆ ಅದು ಮದ್ಯದ ಪಾನೀಯಗಳಿಗೆ. ಚಾಕಲೇಟ್‌ಗೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಬೇಕಾ? ಲೇಬಲ್ ಮೇಲೆ ಪ್ರಮಾಣ, ಎಚ್ಚರಿಕೆ ಹೇಗೆ ಬರೆಯಬೇಕು?

ಬೇಕರಿ ನಡೆಸುವವರು, ಧಾರವಾಡದ ವಕೀಲರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಈ ಆರ್ಡರ್ ತೆಗೆದುಕೊಳ್ಳುವುದಿಲ್ಲ.